ಪುಟ್ಟಸ್ವಾಮಿಯ ಎರಡು ಟ್ರಸ್ಟುಗಳು

ಸುಳ್ಳು ಹೇಳಬೇಕೆಂದುಕೊಂಡು ಪುಟ್ಟಸ್ವಾಮಿ ಆ ಭಾನುವಾರ ಮನೆಯಿಂದ ಹೊರಟವನಲ್ಲ. ಮೊಸರನ್ನದ ಟ್ರೇಯನ್ನು ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೂ ಒಂದು ಸೀಟ್ ಬೆಲ್ಟ್ ಹಾಕಿ, ಹೆಂಡತಿ ರಂಜನಿಯನ್ನೂ ಹತ್ತು ವರ್ಷದ ಮಗಳು ನಿಧಿಯನ್ನೂ ಕೂರಿಸಿಕೊಂಡು, ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಬಾಸ್ಕಿಂಗ್ ರಿಡ್ಜ್‌ವರೆಗೆ ಸಭ್ಯ ಗೃಹಸ್ಥನಾಗಿಯೇ ಡ್ರೈವ್ ಮಾಡಿದ್ದ. ಅವನ ಕೆಲಸ ಪ್ರಿನ್ಸ್‌ಟನ್ ಹತ್ತಿರದ ಔಷಧಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದ. ಅವನ ತಪ್ಪು ಹುಡುಕುವ ಕೆಲಸವನ್ನು ರಂಜನಿ ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಳು.

ಬಾಸ್ಕಿಂಗ್ ರಿಡ್ಜ್‌ನಲ್ಲಿ ಚಂದ್ರಶೇಖರ ಮತ್ತು ನಿರುಪಮಾ ದಂಪತಿಯ ಮನೆಯಲ್ಲಿ ಪಾಟ್‌ಲಕ್, ಅಂದರೆ ಬಂದವರೆಲ್ಲ ಒಂದೊಂದು ಅಡುಗೆ ತರುವ ಊಟ. ಚಂದ್ರಶೇಖರ ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯವರು. ಅವರ ಮನೆಗೆ ಹೋದವರು ಏನಾದರೊಂದನ್ನು ನೋಡಿಯೇ ಊಟಕ್ಕೆ ಕೂರಬೇಕು. ಹಿಂದಿನ ಸಲ ಗುಂಡಿ ಒತ್ತಿದರೆ ಧೂಳು ಒರೆಸಿಸಿಕೊಳ್ಳಲು ತಾನೇ ಕೆಳಗಿಳಿಯುವ ತೂಗುದೀಪವನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈ ಸಲ ಕಾಗದಪತ್ರಗಳನ್ನು ಸೇರಿಸಿಟ್ಟ ದಪ್ಪನೆಯ ಒಂದು ಬೈಂಡರ್ ಬಂತು. ಅದರ ಬೆನ್ನ ಮೇಲೆ ಚಿನ್ನದ ಬಣ್ಣದಲ್ಲಿ ಚಂದ್ರಶೇಖರರ ಹೆಸರು ಅಚ್ಚಾಗಿತ್ತು.

"ಎಲ್ಲಾ ಮುಗಿಸಿಬಿಟ್ಟೆ ಕಣ್ರೀ," ಎಂದರು ಚಂದ್ರಶೇಖರ. "ವಿಲ್, ಆಸ್ತಿ ಕೋರ್ಟು ಸುತ್ತದೆ ಹೆಂಡ್ತಿಗೆ ಸೇರೋಕೆ ಲಿವಿಂಗ್ ಟ್ರಸ್ಟ್, ಪವರ್ ಆಫ್ ಅಟಾರ್ನಿ, ಎವ್ರಿಥಿಂಗ್. ನಾಳೆ ಬೆಳಿಗ್ಗೆ ನಾನು ಹೋದ್ರೂ ನಿರುಪಮಾ ಕೂತಲ್ಲಿಂದ ಏಳ್ಬೇಕಾಗಿಲ್ಲ. ನಿಮ್ಮದು ಆಗಿದೆಯಾ ಪುಟ್ಟಸ್ವಾಮಿ?"

ಅಮೆರಿಕದಲ್ಲಿರುವ ನಮ್ಮ ಜನಕ್ಕೆ ಈ 'ಆಗಿದೆಯಾ' ಎಂಬ ಪ್ರಶ್ನೆ ಸಾಮಾನ್ಯದ್ದಲ್ಲ. ಗ್ರೀನ್ ಕಾರ್ಡ್ ಆಗಿದೆಯಾ, ಬೇಸ್‌ಮೆಂಟ್ ಫಿನಿಶ್ ಆಗಿದೆಯಾ, ಛಾವಣಿಗೆ ಸೋಲಾರ್ ಆಗಿದೆಯಾ. ಇಲ್ಲ ಎಂದವನ ಕಥೆ ಅಲ್ಲಿಗೆ ಮುಗಿಯಿತು, ಹೋಳಿಗೆ ಆರುವವರೆಗೂ ಅವನಿಗೆ ಉಪದೇಶವಾಗುತ್ತದೆ. ಸೋಲಾರ್ ವಿಷಯದಲ್ಲಿ ಪುಟ್ಟಸ್ವಾಮಿ ಒಮ್ಮೆ ಸತ್ಯ ಹೇಳಿ ಇಡೀ ಊಟವನ್ನೇ ಕಳೆದುಕೊಂಡಿದ್ದ.

"ಆಗಿದೆ ಸಾರ್," ಎಂದ ಪುಟ್ಟಸ್ವಾಮಿ. "ನಮ್ಮದೂ ಟ್ರಸ್ಟ್ ಇದೆ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಮನುಷ್ಯಮಾತ್ರನಾದವನು ನಿಲ್ಲಿಸುತ್ತಿದ್ದ. ಆದರೆ ಚಂದ್ರಶೇಖರರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು, ಅದು ಪುಟ್ಟಸ್ವಾಮಿಗೆ ಬಹಳ ರುಚಿಸಿತು.

"ಎರಡು," ಎಂದು ಸೇರಿಸಿದ.

"ಎರಡಾ?" ಚಂದ್ರಶೇಖರರ ಕೈಯಲ್ಲಿದ್ದ ಬೈಂಡರ್ ಒಂದು ಅಂಗುಲ ಕೆಳಗಿಳಿಯಿತು. "ಎರಡು ಯಾಕ್ರೀ?"

"ಒಂದಕ್ಕೇನಾದ್ರೂ ಆದ್ರೆ ಇನ್ನೊಂದು ಇರ್ಲಿ ಅಂತ."

ಸುತ್ತ ನಿಂತವರು ತಟ್ಟೆ ಹಿಡಿದುಕೊಂಡೇ ತಲೆದೂಗಿದರು. ಟೆಸ್ಟಿಂಗಿನವನಲ್ಲವೇ, ಬ್ಯಾಕಪ್ ಇಟ್ಟುಕೊಂಡಿದ್ದಾನೆ ಎಂದು ಯಾರೋ ಮೆಚ್ಚಿದರು. ಆದರೆ ಚಂದ್ರಶೇಖರ ಸುಮ್ಮನೆ ಆ ಹುದ್ದೆಗೆ ಏರಿದವರಲ್ಲ.

"ಗಾರ್ಡಿಯನ್ ಯಾರನ್ನ ಹಾಕಿದ್ದೀರಿ? ಅಂದ್ರೆ, ದೇವರು ಹಾಗೆ ಮಾಡದಿರಲಿ, ನೀವಿಬ್ರೂ ಒಟ್ಟಿಗೇ ಹೋದ್ರೆ ನಿಧೀನ ಸಾಕೋರು ಯಾರು ಅಂತ ವಿಲ್ಲಲ್ಲಿ ಬರೀಬೇಕಲ್ಲ? ಅದೇ ಮೇನ್ ಪಾಯಿಂಟು."

ಪುಟ್ಟಸ್ವಾಮಿಯ ಬಾಯಲ್ಲಿ ಆ ಮನೆಯ ಎಣ್ಣೆಗಾಯಿ ಇತ್ತು. ಒಬ್ಬರ ಮನೆಯ ಎಣ್ಣೆಗಾಯಿಯನ್ನು ಬಾಯಲ್ಲಿಟ್ಟುಕೊಂಡು ಇನ್ನೊಬ್ಬರ ಹೆಸರು ಹೇಳುವುದು ನಮ್ಮವರಿಗೆ ಸಾಧ್ಯವೇ?

"ನಿಮ್ಮನ್ನೇ ಸಾರ್," ಎಂದ. "ಇನ್ಯಾರನ್ನ ಹಾಕ್ಲಿ?"

'ಇದು ನಿಮ್ಮದೇ ಮನೆ ಅಂದ್ಕೊಳ್ಳಿ', 'ಇನ್ನೊಂದು ಸಲ ಖಂಡಿತ ಬರ್ತೀವಿ' ಎಂಬ ಮಾತುಗಳ ಪಕ್ಕದಲ್ಲಿ ಇದನ್ನೂ ಇಡಬಹುದೆಂದು ಅವನು ಭಾವಿಸಿದ್ದ. ಆದರೆ ನಿರುಪಮಾ ಸೆರಗಿನಿಂದ ಕಣ್ಣೊರೆಸಿಕೊಂಡು, ಕೇಳದೆಯೇ ಅವನ ತಟ್ಟೆಗೆ ಎರಡು ಹೋಳಿಗೆ ಹಾಕಿದರು. ಚಂದ್ರಶೇಖರ ಅವನ ಭುಜ ಹಿಡಿದು, "ಇಷ್ಟು ದೊಡ್ಡ ನಂಬಿಕೆ ಇಟ್ಟಿದ್ದೀರಿ. ನನಗೆ ಮಾತೇ ಹೊರಡ್ತಿಲ್ಲ," ಎಂದು ಹೇಳಿ, ಬಹಳ ಹೊತ್ತು ಮಾತಾಡಿದರು. ಕೋಣೆಯ ಆ ತುದಿಯಲ್ಲಿ ಸಾರು ಬಡಿಸುತ್ತಿದ್ದ ರಂಜನಿಯ ಸೌಟು ಗಾಳಿಯಲ್ಲೇ ನಿಂತಿತ್ತು.

ಕಾರು ೨೮೭ ಹೈವೇಗೆ ಬಂದಾಗ ರಂಜನಿ ರೇಡಿಯೋ ಆರಿಸಿದಳು.

"ಯಾವ ಟ್ರಸ್ಟು?" ಎಂದಳು ಆಮೇಲೆ.

"ಮಾತಿಗೆ ಹೇಳ್ದೆ ಕಣೇ."

"ನಮ್ಮನೇಲಿ ಡಿಶ್‌ವಾಷರ್ ವಾರಂಟಿ ಬಿಟ್ರೆ ಇನ್ನೊಂದು ಕಾಗದ ಇಲ್ಲ. ಮಾತಿಗೆ ಅಂತ ಮಗಳನ್ನೇ ಕೊಟ್ಟುಬಂದ್ರಾ?"

"ಎಣ್ಣೆಗಾಯಿ ತಿಂತಿದ್ದೆ. ಆ ಟೈಮಲ್ಲಿ ಏನ್ ಹೇಳೋದು?"

ಹಿಂದಿನ ಸೀಟಿನಲ್ಲಿ ಖಾಲಿ ಟ್ರೇ ಪಕ್ಕ ಕೂತಿದ್ದ ನಿಧಿ ಹೆಡ್‌ಫೋನ್ ತೆಗೆದಳು. "ವೇಟ್. ಹೂ ಗೆಟ್ಸ್ ಮಿ?"

"ಯಾರಿಗೂ ಇಲ್ಲ ಪುಟ್ಟಿ. ನಾವು ಸಾಯಲ್ಲ."

"ದೆನ್ ವೈ ಡು ವಿ ಹ್ಯಾವ್ ಟೂ ಟ್ರಸ್ಟ್ಸ್?"

ಇದಕ್ಕೆ ಪುಟ್ಟಸ್ವಾಮಿ ಲೇನ್ ಬದಲಾಯಿಸಿದ. ರಂಜನಿಯ ದನಿ ಮಾತ್ರ ಇಳಿಯಿತು. "ಸುಳ್ಳು ಹೇಳಿದ್ದು ಹೋಗ್ಲಿ ಬಿಡಿ. ನಿಜವಾಗ್ಲೂ ನಮಗೇನಾದ್ರೂ ಆದ್ರೆ ಇವಳು ಅವತ್ತು ಯಾರ ಮನೇಲಿ ಮಲಗ್ತಾಳೆ? ನಾವು ಬರೆದಿಡ್ಲಿಲ್ಲ ಅಂದ್ರೆ ಕೋರ್ಟ್ ತೀರ್ಮಾನ ಮಾಡುತ್ತಂತೆ. ನಮ್ಮ ಮಗೂನ ಒಂದು ಸಲಾನೂ ನೋಡದೇ ಇರೋ ಯಾರೋ ಜಡ್ಜು." ಪುಟ್ಟಸ್ವಾಮಿ, ಲಾಯರ್ ಹತ್ತಿರ ಹೋಗೋಣ ಎಂದಷ್ಟೇ ಹೇಳಿದ.

ಲಾಯರ್ ಅಪಾಯಿಂಟ್‌ಮೆಂಟ್ ಸಿಗುವ ಮೊದಲೇ ಸುದ್ದಿ ವಾಟ್ಸಾಪ್ ಹತ್ತಿ ಪಕ್ಕದ ಮನೆಗೆ ಇಳಿದಿತ್ತು. ಪಕ್ಕದ ಮನೆಯಲ್ಲಿರುವವರು ಅಲಮೇಲು. ಮೈಸೂರಿನ ಅಯ್ಯಂಗಾರ್ ಮನೆತನದ, ಐವತ್ತು ದಾಟಿದ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ ಹೆಂಗಸು. ಮನೆಯಿಂದಲೇ ಆಸ್ಪತ್ರೆಯ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದರು. ರಂಜನಿ ಜರ್ಸಿ ಸಿಟಿಗೆ ದಿನವೂ ಕೆಲಸಕ್ಕೆ ಹೋಗಿಬರುವುದರಿಂದ, ನಿಧಿ ಕಿಂಡರ್‌ಗಾರ್ಟನ್‌ನಲ್ಲಿದ್ದ ದಿನದಿಂದಲೂ ಮಧ್ಯಾಹ್ನ ಸ್ಕೂಲ್ ಬಸ್ಸಿನ ಹತ್ತಿರ ನಿಲ್ಲುವವರು ಇವರೇ. ಸೋಮವಾರ ಸಂಜೆ ನಿಧಿಯನ್ನೂ ಅವಳ ಬ್ಯಾಗನ್ನೂ ಒಪ್ಪಿಸಿ, ಕೂರಿ ಎಂದರೂ ಕೂರದೆ ಬಾಗಿಲಲ್ಲೇ ನಿಂತರು.

"ನಾನೇನೂ ಜಗಳ ಆಡೋಕೆ ಬಂದಿಲ್ಲ," ಎಂದರು. "ಬಸ್ ಸ್ಟಾಪಿಗೆ ದಿನಾ ಬಾಸ್ಕಿಂಗ್ ರಿಡ್ಜಿಂದ ಬರ್ತಾರಾ ಅಂತ ಕೇಳೋಣ ಅಂತ ಬಂದೆ ಅಷ್ಟೆ."

ಪುಟ್ಟಸ್ವಾಮಿ ಅವರ ಮುಖ ನೋಡಿದ. ಆ ಹೆಂಗಸಿನ ಮೂಗಿನ ತುದಿ ಕೆಂಪಾಗಿತ್ತು. ಅಂಥ ಹೊತ್ತಿನಲ್ಲಿ ಸತ್ಯ ಹೇಳುವುದು ಕ್ರೌರ್ಯವೆಂದು ಅವನಿಗೆ ತೋರಿತು. ಕ್ರೌರ್ಯ ಅವನಿಗೆ ಆಗದು, ಸುಳ್ಳು ಆಗುತ್ತದೆ.

"ಅಯ್ಯೋ, ಅದು ಒಂದನೇ ಟ್ರಸ್ಟು ಅಲಮೇಲು ಅವ್ರೇ! ಎರಡನೇದ್ರಲ್ಲಿ ಇರೋದು ನೀವೇ."

ಅಲಮೇಲು ಕೂತರು. ಕಾಫಿಯನ್ನೂ ತೆಗೆದುಕೊಂಡರು. ಅರ್ಧ ಲೋಟ ಕುಡಿದು, ಬಹಳ ಯೋಚಿಸಿ, ಒಂದೇ ಒಂದು ಪ್ರಶ್ನೆ ಕೇಳಿದರು.

"ಭಾನುವಾರ ನಿಮ್ಮನೇಲಿ ಕೋಳಿ ಮಾಡ್ತೀರಿ. ಅವಳಿಗೆ ಅದು ಬೇಕೇಬೇಕು. ನಮ್ಮನೇಲಿ ಈರುಳ್ಳೀನೂ ಒಳಗೆ ತರಲ್ಲ. ಆಗ ನಾನೇನು ಮಾಡ್ಲಿ?"

"ಅದೇನ್ ದೊಡ್ಡ ವಿಷ್ಯ! ಅಡ್ಜಸ್ಟ್ ಮಾಡ್ಕೋತಾಳೆ ಬಿಡಿ."

"ಅವಳ್ಯಾಕ್ರೀ ಅಡ್ಜಸ್ಟ್ ಮಾಡ್ಕೋಬೇಕು? ಅಪ್ಪ ಅಮ್ಮ ಇಬ್ರೂ ಹೋಗಿರ್ತಾರೆ, ಪಾಪ."

'ಹೋಗಿರ್ತಾರೆ ಪಾಪ' ಎನ್ನುವಾಗ ಅಲಮೇಲು ಪುಟ್ಟಸ್ವಾಮಿಯ ತಲೆಯ ಮೇಲಿನ ಗೋಡೆಯನ್ನು, ಅಂದರೆ ಫೋಟೋ ತೂಗುಹಾಕುವ ಜಾಗವನ್ನು ನೋಡಿದರು. ಅವನು ಕುರ್ಚಿಯನ್ನು ಆ ಗೋಡೆಯಿಂದ ಈಚೆಗೆ ಎಳೆದುಕೊಂಡ. ಪ್ರಶ್ನೆ ಮಾತ್ರ ಹಾಗೇ ಉಳಿಯಿತು, ಅಲಮೇಲು ಅದನ್ನು ಮನೆಗೆ ತೆಗೆದುಕೊಂಡು ಹೋದರು.

ಮಾರನೆಯ ದಿನ ರಂಜನಿಯ ತಮ್ಮ ಶಿವಪ್ರಸಾದ್ ಬಂದ. ಪ್ರಿನ್ಸ್‌ಟನ್ ಹತ್ತಿರದ ಅಪಾರ್ಟ್‌ಮೆಂಟ್‌ನಲ್ಲಿ, ಒಂದು ಗೇಮಿಂಗ್ ಕುರ್ಚಿ ಮತ್ತು ಒಂದು ಹಾಸಿಗೆಯೊಡನೆ ವಾಸವಾಗಿರುವ, ಇನ್ನೂ ಮದುವೆಯಾಗದ ಇಂಜಿನಿಯರ್. ಶೂಸ್ ಬಿಚ್ಚುವ ಮೊದಲೇ ಶುರುಮಾಡಿದ.

"ಭಾವ, ಇವಳ ಕಿವಿ ಚುಚ್ಚಿಸಿದ್ದು ಯಾರ ತೊಡೆ ಮೇಲೆ ಕೂರಿಸ್ಕೊಂಡು?"

"ನಿನ್ನ ತೊಡೆ ಮೇಲೆ ಕಣೋ."

"ಅವತ್ತು ಇವಳು ಕಚ್ಚಿದ ಗುರುತು ಇನ್ನೂ ಕೈಮೇಲಿದೆ. ಸೋದರಮಾವ ನಾನು ಬದುಕಿರೋವಾಗ ಇವಳನ್ನ ಊರೋರಿಗೆಲ್ಲ ಬರೆದುಕೊಡ್ತೀರಾ? ಅಮ್ಮ ಮೈಸೂರಿಂದ ಫೋನ್ ಮಾಡಿ ಅಳ್ತಿದ್ಲು."

ಸೋದರಮಾವನ ಹಕ್ಕು ಎಂದರೆ ನಮ್ಮಲ್ಲಿ ಹುಡುಗಾಟವಲ್ಲ. ಕಿವಿ ಚುಚ್ಚುವುದರಿಂದ ಮದುವೆಯ ಮಂಟಪದವರೆಗೆ ಅವನಿಲ್ಲದೆ ಹುಲ್ಲುಕಡ್ಡಿ ಅಲುಗದು. ಪುಟ್ಟಸ್ವಾಮಿ ಸುತ್ತ ನೋಡಿ, ದನಿ ತಗ್ಗಿಸಿ, "ಅವರಿಬ್ರೂ ಸುಮ್ನೆ ಪೇಪರ್ ಮೇಲೆ ಕಣೋ, ಬೇಜಾರಾಗ್ಬಾರ್ದು ಅಂತ. ನಿಜವಾದ ಗಾರ್ಡಿಯನ್ ನೀನೇ," ಎಂದ.

ಹೀಗೆ ಒಂದೇ ವಾರದೊಳಗೆ, ಒಂದು ಸಾಲೂ ಬರೆಯದ ಉಯಿಲಿನಲ್ಲಿ ಒಬ್ಬಳೇ ಹುಡುಗಿಗೆ ಮೂರು ಮನೆಗಳು ನಿಕ್ಕಿಯಾದವು. ಮೂವರೂ ತಮ್ಮ ಜವಾಬ್ದಾರಿಯನ್ನು ಅವತ್ತೇ ವಹಿಸಿಕೊಂಡರು. ಪುಟ್ಟಸ್ವಾಮಿ ಸಾಯಲಿ ಎಂದು ಕಾಯುವಷ್ಟು ಬೇಜವಾಬ್ದಾರಿ ಜನ ಅವರಾಗಿರಲಿಲ್ಲ.

ನಿರುಪಮಾ ಗೋಡೆಯ ಬಣ್ಣದ ಚೀಟಿಗಳನ್ನು ಅಂಚೆಯಲ್ಲಿ ಕಳಿಸಿ, ನಿಧಿಗೆ ತಿಳಿನೇರಳೆ ಇಷ್ಟವೋ ತಿಳಿಹಸಿರು ಇಷ್ಟವೋ ಎಂದು ಕೇಳಿದರು. ಶಿವಪ್ರಸಾದ್ ಗುಲಾಬಿ ಬಣ್ಣದ ಇನ್ನೊಂದು ಗೇಮಿಂಗ್ ಕುರ್ಚಿ ತರಿಸಿದ. ಅಲಮೇಲು ತಮ್ಮ ಮನೆಯಲ್ಲಿ ಪುಟ್ಟಸ್ವಾಮಿ ನಾಲ್ಕನೆಯ ಚಕ್ಕುಲಿಗೆ ಕೈಹಾಕಿದಾಗ ಡಬ್ಬಿಯ ಮುಚ್ಚಳವನ್ನೇ ಹಾಕಿಬಿಟ್ಟರು. "ಎಣ್ಣೇದು ಸಾಕು. ಮಗು ಇನ್ನೂ ಚಿಕ್ಕದು," ಎಂದರು.

ಎಲ್ಲಕ್ಕಿಂತ ಕಷ್ಟದ್ದು ಚಂದ್ರಶೇಖರರ ಕಾಳಜಿ. ಪುಟ್ಟಸ್ವಾಮಿ ತನ್ನ ಅಂಗೈ ಅಗಲದ ಲಾನಿಗೆ, ಮೇಲೆ ಕೂತು ಹುಲ್ಲು ಕತ್ತರಿಸುವ ಮೋವರ್ ಕೊಂಡಿದ್ದು ಹೇಗೋ ಗೊತ್ತಾಗಿ ಫೋನ್ ಮಾಡಿದರು.

"ತಪ್ಪು ತಿಳ್ಕೋಬೇಡಿ. ಅದರ ಅಗತ್ಯ ಏನಿತ್ತು? ನಾಳೆ ಅದನ್ನ ಮಾರೋನು ನಾನು. ಹೋಗ್ಲಿ, ಕೊಲೆಸ್ಟರಾಲ್ ಎಷ್ಟಿದೆ?"

"ಸ್ವಲ್ಪ ಜಾಸ್ತಿ ಸಾರ್."

"ಮೋವರ್ ಮೇಲೆ ಕೂತ್ಕೊಂಡ್ರೆ ಇನ್ನೇನಾಗುತ್ತೆ? ತಳ್ಳೋದನ್ನೇ ತಗೊಳ್ಳಿ. ಆಮೇಲೆ, ವೆಡ್ಡಿಂಗ್ ಆನಿವರ್ಸರಿಗೆ ಮೆಕ್ಸಿಕೋಗೆ ಹೊರಟಿದ್ದೀರಂತೆ? ಇಬ್ರೂ ಒಂದೇ ಫ್ಲೈಟಲ್ಲಾ?"

"ಗಂಡ ಹೆಂಡ್ತಿ ಅಲ್ವಾ ಸಾರ್."

"ಅದೇ ಪ್ರಾಬ್ಲಮ್ಮು. ನಾವು ಇನ್ಶೂರೆನ್ಸ್‌ನೋರು ಇದನ್ನ ಒಪ್ಪಲ್ಲ. ಅವರನ್ನ ಬೆಳಿಗ್ಗೆ ಕಳಿಸಿ, ನೀವು ಸಂಜೆ ಹೋಗಿ."

ಮದುವೆಯಾದಾಗಿನಿಂದ ಇಷ್ಟು ಜನ ತನ್ನ ಆರೋಗ್ಯದ ಬಗ್ಗೆ ಚಿಂತಿಸಿದ್ದನ್ನು ಪುಟ್ಟಸ್ವಾಮಿ ಕಂಡಿರಲಿಲ್ಲ. ಆದರೆ ಆ ಕಾಳಜಿಯಲ್ಲಿ ತಾನು ಎಲ್ಲಿಯೂ ಇಲ್ಲವಲ್ಲ ಎಂಬ ಅನುಮಾನವೂ ಅವನನ್ನು ಕಾಡಿತು. ರಂಜನಿ ಮೆಕ್ಸಿಕೋ ಟಿಕೆಟ್ ರದ್ದುಮಾಡಿ, ಲಾಯರ್ ಆಫೀಸಿಗೆ ಫೋನ್ ಮಾಡಿದಳು.

ಲಾಯರ್ ಎಂದರೆ ಜಯ್. ಧಾರವಾಡದ ಸಿದ್ದರಾಮಪ್ಪನವರ ಮಗ, ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗುಟ್ಟು ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ರಿಟೈರಾಗಿ ಮನೆಯಲ್ಲಿ ಹೊತ್ತು ಹೋಗದ ಅವನ ತಂದೆ ದಿನವೂ ಆಫೀಸಿನ ವೇಟಿಂಗ್ ರೂಮಿನಲ್ಲಿ ಬಂದು ಕೂರುತ್ತಿದ್ದರು, ಅವರು ಗುಟ್ಟು ಕಾಯುವ ಯಾವ ಪ್ರಮಾಣವನ್ನೂ ಮಾಡಿರಲಿಲ್ಲ.

"ಬರ್ರಿ ಬರ್ರಿ!" ಎಂದು ಸಿದ್ದರಾಮಪ್ಪ ಬೀದಿಗೆ ಕೇಳುವಂತೆ ಸ್ವಾಗತಿಸಿದರು. "ವಿಲ್ ಏನ್ರಿ, ಡೈವೋರ್ಸ್ ಏನ್ರಿ?"

"ವಿಲ್ ಅಂಕಲ್," ಎಂದಳು ರಂಜನಿ ಬೇಗನೆ.

"ಛಲೋ ಆತ್ ಬಿಡ್ರಿ. ಮತ್ತ ಹುಡುಗಿ ಯಾರ ಕಡೆ?"

ಪುಟ್ಟಸ್ವಾಮಿ ಮೂವರ ಹೆಸರನ್ನೂ ಹೇಳಿದ. ಯಾರನ್ನು ಬಿಟ್ಟರೂ ಇವರ ಬಾಯಿಂದ ಅವರಿಗೆ ತಲುಪುತ್ತದೆ ಎಂಬ ಭಯ. ಸಿದ್ದರಾಮಪ್ಪ ಗಂಭೀರವಾಗಿ ತಲೆಯಾಡಿಸಿದರು.

ಒಳಗೆ ಜಯ್ ಎಲ್ಲವನ್ನೂ ಶಾಂತವಾಗಿ ವಿವರಿಸಿದ. ಉಯಿಲಿನೊಳಗೇ ನಿಧಿಯ ಹೆಸರಿನಲ್ಲಿ ಒಂದು ಟ್ರಸ್ಟ್ ಸಾಕು, ಎರಡು ಬೇಡ. ಸಹಿಯ ದಿನ ಇಬ್ಬರು ಸಾಕ್ಷಿಗಳು ಬೇಕು. ಗಾರ್ಡಿಯನ್ ಅಂತ ಒಂದು ಹೆಸರು, ಅವರಿಗಾಗದಿದ್ದರೆ ಅಂತ ಇನ್ನೊಂದು ಹೆಸರು.

"ಒನ್ ನೇಮ್, ಅಂಕಲ್," ಎಂದ.

"ಮೂರು ಹಾಕಿದ್ರೆ?"

"ದೆನ್ ಷಿ ಗೆಟ್ಸ್ ತ್ರೀ ಲಾಯರ್ಸ್."

ಹೆಸರನ್ನು ಸಹಿಯ ದಿನ ಹೇಳುವುದಾಗಿ ಪುಟ್ಟಸ್ವಾಮಿ ತಪ್ಪಿಸಿಕೊಂಡ. ಹೊರಗೆ ಬಂದರೆ ಸಿದ್ದರಾಮಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಪಂಚಾಂಗ ನೋಡಿ, ರಾಹುಕಾಲ ಕಳೆದು, ಬರುವ ಶನಿವಾರದ ಮುಹೂರ್ತ ಗೊತ್ತುಮಾಡಿದ್ದರು. ಅಷ್ಟೇ ಆಗಿದ್ದರೆ ಸರಿಯಿತ್ತು. ಒಳ್ಳೆಯ ಮುಹೂರ್ತದಲ್ಲಿ ನಡೆಯುವ ಕಾರ್ಯ ಜನರಿಲ್ಲದೆ ಬಣಗುಟ್ಟಬಾರದು, ಸಾಕ್ಷಿಗೂ ಮಂದಿ ಬೇಕಲ್ಲ ಎಂದು, ಆ ದೊಡ್ಡ ಮನಸ್ಸಿನ ಮನುಷ್ಯ ಮೂರೂ ಮನೆಗಳಿಗೆ ತಾವೇ ಫೋನ್ ಮಾಡಿ ಕರೆದರು.

ಶನಿವಾರ ಬೆಳಿಗ್ಗೆ ನಿಧಿಯನ್ನು ಯಾರ ಹತ್ತಿರ ಬಿಟ್ಟುಹೋಗುವುದೆಂದು ರಂಜನಿ ಎಲ್ಲರಿಗೂ ಫೋನ್ ಮಾಡಿದಳು. ಅಲಮೇಲುಗೆ ಏನೋ ಕೆಲಸವಂತೆ. ಶಿವಪ್ರಸಾದ್‌ಗೂ ಕೆಲಸವಂತೆ. ನಿರುಪಮಾ ಫೋನೇ ಎತ್ತಲಿಲ್ಲ. ಅವಳನ್ನು ಜೀವನಪೂರ್ತಿ ಸಾಕಲು ಒಪ್ಪಿದ ಮೂರು ಮನೆಗಳಲ್ಲಿ ಒಂದರಲ್ಲೂ ಆ ಬೆಳಗಿನ ಒಂದೆರಡು ಗಂಟೆಗೆ ಜಾಗ ಸಿಗಲಿಲ್ಲ. ಕೊನೆಗೆ ಅವಳನ್ನೂ ಕರೆದುಕೊಂಡೇ ಹೊರಟರು.

ಆಫೀಸಿನ ಬಾಗಿಲು ತೆಗೆದರೆ ಮೂರು ಮನೆಗಳೂ ಅಲ್ಲೇ ಕೂತಿದ್ದವು. ಚಂದ್ರಶೇಖರ ಸೂಟು ಹಾಕಿ, ಬೈಂಡರನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಿರುಪಮಾ ರೇಷ್ಮೆ ಸೀರೆ ಉಟ್ಟಿದ್ದರು. ಶಿವಪ್ರಸಾದ್ ಮದುವೆಮನೆಯ ಜುಬ್ಬಾದಲ್ಲಿದ್ದ. ಅಲಮೇಲು ಒಂದು ದೊಡ್ಡ ಡಬ್ಬಿ ಪುಳಿಯೋಗರೆ ಮಾಡಿ ತಂದಿದ್ದರು. ಜಯ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದ.

"ಅಂಕಲ್, ಇಸ್ ದಿಸ್ ಎ ಸೈನಿಂಗ್ ಆರ್ ಎ ಹೌಸ್‌ವಾರ್ಮಿಂಗ್?"

"ಎಲ್ಲಾ ನಮ್ಮ ಮಂದಿನ ಅದಾರ, ಒಳಗ ಕರಿ," ಎಂದರು ಸಿದ್ದರಾಮಪ್ಪ.

ಜಯ್ ಪುಟ್ಟಸ್ವಾಮಿಯನ್ನು ಪಕ್ಕಕ್ಕೆ ಕರೆದು, ಇವರೆಲ್ಲ ಒಳಗಿರುವುದು ನಿಮಗೆ ಸರಿಯೇ ಎಂದು ಕೇಳಿದ. ಬೇಡ ಎನ್ನುವುದಕ್ಕೆ ಅದು ಸರಿಯಾದ ಹೊತ್ತಾಗಿತ್ತು. ಆದರೆ ಸೂಟು, ರೇಷ್ಮೆ ಸೀರೆ, ಪುಳಿಯೋಗರೆಗಳ ಎದುರು ಯಾರಿಗೆ ಬಾಯಿ ಬರುತ್ತದೆ? ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂತರು.

"ಹೆಸರು ಹೇಳೋದೇನಿದೆ?" ಎಂದು ಚಂದ್ರಶೇಖರ ಶುರುಮಾಡಿದರು. "ಮೊದಲನೇ ಟ್ರಸ್ಟಲ್ಲಿ ನಮ್ಮ ಹೆಸರು ಇದೆಯಲ್ಲ."

"ಎರಡನೇದ್ರಲ್ಲಿ ನಂದು," ಎಂದರು ಅಲಮೇಲು.

"ಅವೆರಡೂ ಪೇಪರ್ ಮೇಲೆ," ಎಂದ ಶಿವಪ್ರಸಾದ್, ಭಾವನಿಗೆ ಕಣ್ಣು ಹೊಡೆದು.

ಜಯ್ ಪುಟ್ಟಸ್ವಾಮಿಯ ಮುಖ ನೋಡಿದ. ಪುಟ್ಟಸ್ವಾಮಿ ಸೀಲಿಂಗ್ ನೋಡಿದ. ಕಕ್ಷಿದಾರನ ಗುಟ್ಟು ಕಾಪಾಡುವ ವಕೀಲ ಬಾಯಿ ಬಿಡಲಿಲ್ಲ. ನಿಧಿ ವಕೀಲೆಯಾಗಿರಲಿಲ್ಲ.

"ದೇರ್ ಆರ್ ನೋ ಟ್ರಸ್ಟ್ಸ್," ಎಂದಳು. "ಡ್ಯಾಡಿ ಮೇಡ್ ದೆಮ್ ಅಪ್. ಅಟ್ ದಿ ಪಾಟ್‌ಲಕ್."

ಮೊದಲು ಬಾಯಿ ಬಂದದ್ದು ಸಿದ್ದರಾಮಪ್ಪನವರಿಗೆ. "ಅಂದ್ರ ಇಲ್ಲದ ಕಾಗದದಾಗ ಹುಡುಗೀನ ಮೂರು ಮಂದಿಗೆ ಕೊಟ್ಟೀ? ಭಾರಿ ಮನಷ್ಯ ಅದೀಯಪ!"

ಚಂದ್ರಶೇಖರ ಎದ್ದು ನಿಂತು ಬೈಂಡರನ್ನು ಮೇಜಿನ ಮೇಲೆ ಬಡಿದರು. "ಟ್ರಸ್ಟ್ ಅಂದ್ರೆ ಮಕ್ಕಳಾಟ ಅಲ್ಲ ರೀ! ನೋಡಿ ಇದನ್ನ. ಹೀಗೆ ಮಾಡಬೇಕು. ಜಯ್, ನೀನೇ ನೋಡಿ ಹೇಳಪ್ಪ."

ಜಯ್ ಮರ್ಯಾದೆಗೆಂದು ನಾಲ್ಕು ಹಾಳೆ ತಿರುವಿದ. "ನೈಸ್ ಬೈಂಡರ್, ಅಂಕಲ್. ಡಿಡ್ ಯೂ ಮೂವ್ ದಿ ಹೌಸ್ ಇನ್ ಟು ದಿ ಟ್ರಸ್ಟ್?"

"ಮನೇನ ಎಲ್ಲಿಗೆ ಮೂವ್ ಮಾಡೋದು? ಅದು ಬಾಸ್ಕಿಂಗ್ ರಿಡ್ಜಲ್ಲೇ ಇದೆ."

ಮನೆಯ ಪತ್ರವನ್ನು, ಬ್ಯಾಂಕಿನ ಖಾತೆಗಳನ್ನು ಟ್ರಸ್ಟಿನ ಹೆಸರಿಗೆ ಬದಲಾಯಿಸದಿದ್ದರೆ ಅದರೊಳಗೆ ಏನೂ ಇರುವುದಿಲ್ಲವೆಂದು ಜಯ್ ಮೆತ್ತಗೆ ತಿಳಿಸಿದ. ಚಂದ್ರಶೇಖರ ಅದ್ಯಾವುದನ್ನೂ ಮಾಡಿರಲಿಲ್ಲ, ಬೈಂಡರ್ ಬಂದ ಕೂಡಲೇ ಕೆಲಸ ಮುಗಿಯಿತೆಂದುಕೊಂಡಿದ್ದರು. ಇಷ್ಟು ದಿನ ಅವರು ಊರಿಗೆಲ್ಲ ತೋರಿಸಿದ್ದು ಖಾಲಿ ಪೆಟ್ಟಿಗೆ. ತಾನೇ ಕಟಕಟೆಯಲ್ಲಿದ್ದರೂ ಪುಟ್ಟಸ್ವಾಮಿಗೆ ಒಳಗೊಳಗೇ ಖುಷಿಯಾಯಿತು. ಅವನ ಯೋಗ್ಯತೆಯೇ ಅಷ್ಟು.

ಜಯ್ ಗಂಟಲು ಸರಿಮಾಡಿಕೊಂಡು, ಗಾರ್ಡಿಯನ್ ಎಂದರೆ ಏನೆಂದು ಎಲ್ಲರಿಗೂ ಒಮ್ಮೆ ಹೇಳಿದ. ಹದಿನೆಂಟು ತುಂಬುವವರೆಗೆ ಮಗು ಅವರ ಮನೆಯಲ್ಲಿರುತ್ತದೆ. ಶಾಲೆ, ಡಾಕ್ಟರು, ಹಲ್ಲಿನ ತಂತಿ. ಅಪ್ಪ ಅಮ್ಮನನ್ನು ಕಳೆದುಕೊಂಡ ದುಃಖ. ಆಮೇಲೆ ಮಿಡ್ಲ್ ಸ್ಕೂಲ್. ಆಮೇಲೆ ಟೀನೇಜ್. ಆಮೇಲೆ ಕಾರು ಕಲಿಸುವುದು.

ಟೀನೇಜ್ ಬರುವ ಹೊತ್ತಿಗೆ ಮೇಜಿನ ಸುತ್ತ ಕುರ್ಚಿಗಳು ಸ್ವಲ್ಪ ಹಿಂದೆ ಸರಿದಿದ್ದವು.

"ನಮಗೇನೋ ಆಸೆ ಇದೆ," ಎಂದರು ಚಂದ್ರಶೇಖರ, ಸೂಟಿನ ಗುಂಡಿ ಬಿಚ್ಚುತ್ತ. "ಆದ್ರೆ ಸೋದರಮಾವ ಇರೋವಾಗ ನಾವು ಅಡ್ಡ ಬರೋದು ಧರ್ಮ ಅಲ್ಲ. ನಾವೂ ಫ್ಲೋರಿಡಾ ಕಡೆ ಮನೆ ನೋಡ್ತಿದ್ದೀವಿ."

"ಛೆ ಛೆ, ದೊಡ್ಡೋರು ನೀವಿದ್ದೀರಿ ಸಾರ್," ಎಂದ ಶಿವಪ್ರಸಾದ್. "ನಾನೇ ವೀಸಾ ಮೇಲಿದ್ದೀನಿ. ಲೇಆಫ್ ಆದ್ರೆ ಎರಡು ತಿಂಗಳಲ್ಲಿ ಗಂಟುಮೂಟೆ ಕಟ್ಬೇಕು. ನನಗೇ ಒಬ್ಬ ಗಾರ್ಡಿಯನ್ ಬೇಕು."

"ಹಾಗಂದ್ರೆ ಹೇಗಪ್ಪ, ನಿನ್ನ ಹಕ್ಕು ಮೊದಲು."

"ಇಲ್ಲ ಸಾರ್, ನೀವೇ ಮೊದಲು."

ತಟ್ಟೆಯಲ್ಲಿ ಉಳಿದ ಕೊನೆಯ ಬೋಂಡಾ ಮುಂದೆ ನಮ್ಮವರು ಆಡುವ ಮಾತು ಇದು. ನಿಧಿ ಅವರನ್ನೊಮ್ಮೆ ಇವನನ್ನೊಮ್ಮೆ ತಿರುಗಿ ತಿರುಗಿ ನೋಡುತ್ತಿದ್ದಳು. ಮೊದಮೊದಲು ಅವಳಿಗೆ ನಗು ಬಂದಿತ್ತು, ಈಗ ಇರಲಿಲ್ಲ. ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ, ಕತ್ತಿನವರೆಗೆ ಹಾಕಿಕೊಂಡಳು.

ಅದನ್ನು ನೋಡಿ ಪುಟ್ಟಸ್ವಾಮಿಗೆ ಇವರ ಮೇಲೆ ಕೋಪ ಬಂತು, ಆಮೇಲೆ ಕೋಪ ಅವನ ಮೇಲೆಯೇ ತಿರುಗಿತು. ಅವಳನ್ನು ತಟ್ಟೆಯಲ್ಲಿಟ್ಟು ಮನೆಮನೆಗೆ ಹಿಡಿದವನು ಅವನೇ ಅಲ್ಲವೇ? ಅದೂ ಒಂದು ಎಣ್ಣೆಗಾಯಿಯ ದಾಕ್ಷಿಣ್ಯಕ್ಕೆ. ಎದ್ದು ನಿಂತು ಮೇಜು ಗುದ್ದಿದ.

"ಸಾಕು! ಯಾರೂ ಬೇಡ! ನಾನು ಸಾಯೋದೇ ಇಲ್ಲ!"

"ಅಂಕಲ್," ಎಂದ ಜಯ್, "ದಟ್ ಇಸ್ ನಾಟ್ ಎ ವಿಲ್."

ಪುಟ್ಟಸ್ವಾಮಿ ಕೂತ. ರಂಜನಿ ಮಗಳ ಕೈ ಹಿಡಿದುಕೊಂಡಳು.

"ಗ್ರಿಲ್ಲು ಮನೆಯಿಂದ ಎಷ್ಟು ದೂರ ಇರಬೇಕು?" ಎಂದರು ಅಲಮೇಲು.

ಎಲ್ಲರೂ ಅವರ ಕಡೆ ತಿರುಗಿದರು. ಅಲಮೇಲು ಪುಳಿಯೋಗರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮುಚ್ಚಳವನ್ನೇ ನೋಡುತ್ತಿದ್ದರು.

"ಯಾವ ಗ್ರಿಲ್ಲು?" ಎಂದಳು ರಂಜನಿ.

"ಕೋಳಿ ಸುಡೋದು. ಮನೆ ಹಿಂದಿನ ಮರದ ಡೆಕ್ ಮೇಲಿಟ್ರೆ ಗೋಡೆಗೆ ಹೊಡೆದಿರೋ ಪ್ಲಾಸ್ಟಿಕ್ ಸೈಡಿಂಗ್ ಕರಗುತ್ತಂತೆ. ಅದಕ್ಕೆ ಹಿಂದುಗಡೆ ಬೇಲಿ ಹತ್ರ ಇಡಿಸ್ತೀನಿ. ಅದರ ಪಾತ್ರೆ ಬೇರೆ, ಚಾಕು ಬೇರೆ, ಗ್ಯಾರೇಜಲ್ಲಿ ಒಂದು ಸಣ್ಣ ಫ್ರಿಜ್ ಬೇರೆ. ಭಾನುವಾರ ಅವಳು ಅಲ್ಲಿ ಮಾಡ್ಕೊಳ್ಳಲಿ, ನಾನು ಕಿಟಕಿ ಹಾಕ್ಕೊಂಡು ಒಳಗಿರ್ತೀನಿ. ಇವರು ಹೇಳಿದಾಗಿಂದ ಯೋಚ್ನೆ ಮಾಡ್ದೆ, ಇದೊಂದೇ ದಾರಿ ಕಾಣ್ಸಿದ್ದು. ಮಿಕ್ಕಿದ್ದೆಲ್ಲ ಏನಿದೆ? ಬಸ್ಸಿಂದ ಇಳಿದು ನಮ್ಮನೆಗೇ ತಾನೇ ಬರೋದು ಅವಳು, ಈಗ್ಲೂ."

ನಿಧಿ ಜಿಪ್ಪನ್ನು ಗಲ್ಲದಿಂದ ಕೆಳಗಿಳಿಸಿದಳು. "ಕ್ಯಾನ್ ಐ ಹ್ಯಾವ್ ಬಾರ್ಬೆಕ್ಯೂ ಸಾಸ್?"

"ಅದ್ರಲ್ಲಿ ಈರುಳ್ಳಿ ಇರುತ್ತಾ?"

"ಪ್ರಾಬಬ್ಲಿ."

"ಹಾಗಾದ್ರೆ ಅದೂ ಗ್ಯಾರೇಜಲ್ಲೇ ಇರ್ಲಿ," ಎಂದರು ಅಲಮೇಲು.

ರಂಜನಿ ಅಳತೊಡಗಿದಳು. ಪುಟ್ಟಸ್ವಾಮಿಗೂ ಕಣ್ಣು ತುಂಬಿತು, ಏನೋ ಬಿದ್ದಿದೆಯೆಂದು ಹೇಳಲು ಹೊರಟವನು ಸುಳ್ಳಿನ ಕೋಟಾ ಮುಗಿದಿದ್ದರಿಂದ ಸುಮ್ಮನಾದ. ಜಯ್ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅಲಮೇಲು ಹೆಸರು ಬಂತು. ಅವರಿಗಾಗದಿದ್ದರೆ ಎಂಬಲ್ಲಿ, ಕಚ್ಚಿದ ಗುರುತಿನ ಗೌರವಾರ್ಥ ಶಿವಪ್ರಸಾದ್ ಹೆಸರು ಬಂತು. ಉಯಿಲಿನಲ್ಲಿ ಎಲ್ಲಿಯೂ ಹೆಸರಿಲ್ಲದ ಇಬ್ಬರು ಸಾಕ್ಷಿಗಳು ಬೇಕೆಂದಾಗ, ಕರೆದ ಮೂರು ಮನೆಯವರಲ್ಲಿ ಚಂದ್ರಶೇಖರ ಮತ್ತು ನಿರುಪಮಾ ಇಬ್ಬರೇ ಆ ಅರ್ಹತೆ ಪಡೆದಿದ್ದರು. ಚಂದ್ರಶೇಖರ ಸೂಟಿನ ಗುಂಡಿ ಹಾಕಿಕೊಂಡು ಬಹಳ ಚಂದವಾಗಿ ಸಹಿ ಮಾಡಿ, ಹೊರಡುವ ಮೊದಲು ಜಯ್ ಹತ್ತಿರ ಮೆಲ್ಲನೆ ತಾವೊಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಮುಹೂರ್ತ ಮೀರುವುದರೊಳಗೆ ಎಲ್ಲರೂ ಪುಳಿಯೋಗರೆ ತಿಂದರು. ಸಿದ್ದರಾಮಪ್ಪ ಎರಡು ಸಲ ಹಾಕಿಸಿಕೊಂಡರು.

ಮರುವಾರವೇ ಅಲಮೇಲು ಮನೆಯ ಮುಂದೆ ಗ್ರಿಲ್ಲಿನ ಚಿತ್ರವಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಬಂದು ಬಿತ್ತು. ಪುಟ್ಟಸ್ವಾಮಿ ಗಾಬರಿಯಿಂದ ಓಡಿದ.

"ಇದೇನು ಅಲಮೇಲು ಅವ್ರೇ, ನಾವಿನ್ನೂ ಇದ್ದೀವಲ್ಲ!"

"ಇರಿ, ಯಾರು ಬೇಡ ಅಂದ್ರು?" ಎಂದರು ಅಲಮೇಲು. "ವಾಸನೆ ನನಗೆ ಈಗಿಂದ್ಲೇ ಅಭ್ಯಾಸ ಆಗ್ಬೇಕಲ್ಲ. ಬೇಗ ಜೋಡಿಸಿ."

ಪುಟ್ಟಸ್ವಾಮಿ ಜೋಡಿಸಿದ. ಕೊನೆಗೆ ಒಂದು ಹಿಡಿ ಸ್ಕ್ರೂ ಉಳಿದವು, ಅವನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡ. ಭಾನುವಾರ ಮಧ್ಯಾಹ್ನ ಅಲಮೇಲು ಮನೆಯ ಹಿಂದೆ, ಬೇಲಿಯ ಪಕ್ಕ, ಏಪ್ರನ್ ಕಟ್ಟಿಕೊಂಡು, ಕೆಮ್ಮುತ್ತ, ತನ್ನ ಮರಣೋತ್ತರ ಏರ್ಪಾಡಿನ ಮೊದಲ ಕೋಳಿಯನ್ನು ತಾನೇ ಸುಡುತ್ತಿದ್ದ. ನಿಧಿ ಸಾಸಿನ ಬಾಟಲಿ ಹಿಡಿದು ಹುಲ್ಲಿನ ಮೇಲೆ ಕೂತಿದ್ದಳು. ಅಲಮೇಲು ಮಾತಿಗೆ ತಪ್ಪದೆ ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಹಾಕಿ, ಗಾಜಿನ ಹಿಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು.

ಹೊಗೆ ದಟ್ಟವಾಯಿತು. ಅಲಮೇಲು ಒಳಗಿನಿಂದ ಕೈಸನ್ನೆ ಮಾಡಿದರು. ಪುಟ್ಟಸ್ವಾಮಿ ನಮಸ್ಕಾರವೆಂದುಕೊಂಡು ಇಕ್ಕುಳ ಎತ್ತಿ ನಮಸ್ಕರಿಸಿದ. ಅವರು ಗಾಜು ಬಡಿದರು. ಅವನು ನಕ್ಕ. ಕೊನೆಗೆ ಆ ಕಿಟಕಿ ದಡಾರನೆ ಪೂರ್ತಿ ತೆರೆದುಕೊಂಡಿತು.

"ಪುಟ್ಟಸ್ವಾಮಿ! ತಿರುವಿ ಹಾಕ್ರೀ ಅದನ್ನ, ಸೀದು ಹೋಗ್ತಿದೆ! ಮಗು ತಿನ್ನೋದು!"